ಹೊಗೆ ಕುಡಿದ ಪೆಟ್ಟಿಗೆ

ಸುಪ್ರೀತಕ್ಕನಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇಳಿದು ಇಳಿದು ಕೊನೆಗೆ ಮಾತು ಕೇಳಿಸಬೇಕಾದರೆ ಎದುರಿದ್ದವರೇ ಬಗ್ಗಬೇಕಾಗುತ್ತದೆ. ವಾಮದಪದವಿನ ಪೇಟೆಯಲ್ಲಿ ಅಮ್ಮನ ಸಣ್ಣ ಹೋಟೆಲಿನ ಒಲೆಯ ಪಕ್ಕ ಬೆಳೆದವರು ಅವರು. ಗಿರಾಕಿಯ ಮುಂದೆ ಕೂಗಬಾರದೆಂಬುದನ್ನು ಅಲ್ಲೇ ಕಲಿತಿರಬೇಕು. ಮೂಡುಬಿದಿರೆಯ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರದ ಉಪನ್ಯಾಸಕಿ. ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ನಾನು ಅವರ ಕೈಕೆಳಗೆ ಬಂದಾಗ ಅವರು ಕೊಟ್ಟ ಮೊದಲ ಕೆಲಸ ಗಾಜು ತೊಳೆಯುವುದು.

ತೊಳೆದು ಒಣಗಿಸಿ ತಂದ ಸ್ಲೈಡಿನ ಮೇಲೆ ಅವರು ಒಂದು ಹನಿ ನೀರು ಬಿಟ್ಟರು. ಹನಿ ಗುಂಡಗೆ ನಿಂತಿತು, ಕೆಸುವಿನ ಎಲೆಯ ಮೇಲೆ ನಿಂತ ಹಾಗೆ.

"ಚಂದ ಕಾಣ್ತದೆ ಅಲ್ವಾ?"

"ಹೌದಕ್ಕ."

"ಚಂದ ಕಂಡ್ರೆ ಕೊಳೆ ಉಂಟು ಅಂತ ಲೆಕ್ಕ. ಗಾಜು ಸ್ವಚ್ಛ ಇದ್ರೆ ನೀರು ನಿಲ್ಲುವುದಿಲ್ಲ, ಹರಡ್ತದೆ. ನಿನ್ನ ಬೆರಳಿನ ಎಣ್ಣೆ ಅದು. ಪುನಃ ತೊಳಿ."

ಆ ವಾರವೆಲ್ಲ ತೊಳೆದೆ. ಕೊನೆಗೊಂದು ದಿನ ಹನಿ ಗಾಜಿನ ಮೇಲೆ ಬಿದ್ದ ಕೂಡಲೇ ಮಲಗಿ, ಅಂಚಿನವರೆಗೆ ಹರಡಿ, ಇದೆಯೋ ಇಲ್ಲವೋ ಎಂಬಂತಾಯಿತು. ಅಕ್ಕ ಆ ಸ್ಲೈಡನ್ನು ಚಿಮಟದಲ್ಲಿ ಹಿಡಿದು ತಮ್ಮ ಡಬ್ಬಿಯಲ್ಲಿಟ್ಟುಕೊಂಡರು. ಅದೇ ಅವರ ಹೊಗಳಿಕೆ.

ನಾವು ಮಾಡುವುದು ಇಷ್ಟು. ನಿಕ್ಕಲ್ ಮತ್ತು ಕಬ್ಬಿಣ ಬೆರೆತ ಒಂದು ಬಿಲ್ಲೆಯನ್ನು ಉಕ್ಕಿನ ಪೆಟ್ಟಿಗೆಯೊಳಗೆ ಕೂರಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಹೀರಿ ತೆಗೆದು, ಆರ್ಗಾನ್ ಎಂಬ ಅನಿಲವನ್ನು ಚೂರೇ ಚೂರು ಬಿಟ್ಟು, ವಿದ್ಯುತ್ ಹಾಯಿಸಿದರೆ ಬಿಲ್ಲೆಯಿಂದ ಲೋಹದ ಕಣಗಳು ಎದ್ದು ಎದುರಿನ ಗಾಜಿನ ಮೇಲೆ ಕೂರುತ್ತವೆ. ತಲೆಕೂದಲಿಗಿಂತ ನೂರಾರು ಪಾಲು ತೆಳುವಾದ ಪದರ. ಕನ್ನಡಿಯ ಹಾಗೆ ಹೊಳೆಯುತ್ತದೆ, ಆದರೆ ಅದರ ಗುಣ ಇರುವುದು ಹೊಳಪಿನಲ್ಲಿ ಅಲ್ಲ. ಒಳ್ಳೆಯ ಪದರ ಅಯಸ್ಕಾಂತದ ಸಣ್ಣ ಸೆಳೆತಕ್ಕೂ ತಿರುಗುತ್ತದೆ, ಸೆಳೆತ ನಿಂತೊಡನೆ ಮರೆಯುತ್ತದೆ. ಅದಕ್ಕೆ ಮೃದು ಎನ್ನುತ್ತಾರೆ. ತೀರಾ ಸಣ್ಣ ಕಾಂತಕ್ಷೇತ್ರಗಳನ್ನು ಅಳೆಯುವ ಉಪಕರಣಗಳಿಗೆ ಬೇಕಾಗುವುದು ಅಂಥದ್ದೇ. ಕೆಟ್ಟ ಪದರ ಸುಲಭಕ್ಕೆ ತಿರುಗುವುದಿಲ್ಲ, ತಿರುಗಿಸಿದರೆ ಮರೆಯುವುದಿಲ್ಲ. ಅದು ಗಡುಸು.

"ಲೋಹ ಅದೇ, ಪ್ರಮಾಣ ಅದೇ," ಎಂದು ಅಕ್ಕ ಹೇಳುತ್ತಿದ್ದರು. "ಹುಟ್ಟುವ ಹೊತ್ತಿಗೆ ಸುತ್ತ ಎಂತ ಇತ್ತು ಎನ್ನುವುದರ ಮೇಲೆ ಅದರ ಸ್ವಭಾವ." ಒಳಗೆ ಎಷ್ಟು ಗಾಳಿ ಉಳಿದಿತ್ತು, ಗಾಜು ಎಷ್ಟು ಬಿಸಿಯಿತ್ತು, ಕಣಗಳು ಎಷ್ಟು ವೇಗವಾಗಿ ಬಿದ್ದವು, ಆಮೇಲೆ ಎಷ್ಟು ನಿಧಾನ ತಣಿದವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. "ತಿಳಿಯದೆ ಹೋದದ್ದನ್ನು ಜನ ತಮಗೆ ಬೇಕಾದ ಹಾಗೆ ಹೇಳಿಕೊಳ್ತಾರೆ." ಅವರು ಇದನ್ನು ಹೇಳುವಾಗ ನಾನು ಬರಿಯ ಪ್ರಯೋಗದ ಮಾತೆಂದುಕೊಂಡಿದ್ದೆ.

ಯಂತ್ರ ಬಂದದ್ದು ಆಟಿಯಲ್ಲಿ, ಅಂದರೆ ನಮ್ಮ ತುಳುವರ ಆಷಾಢದಲ್ಲಿ. ಬೆಳ್ತಂಗಡಿ ಕಡೆಯವರೇ ಆದ, ಮುಂಬಯಿಯಲ್ಲಿ ಹೋಟೆಲುಗಳಿರುವ ಮುಂಡಪ್ಪಣ್ಣ ಅದನ್ನು ಕಾಲೇಜಿಗೆ ಕೊಡಿಸಿದ್ದರು. ಅವರು ಆಡಳಿತ ಮಂಡಳಿಯ ಸದಸ್ಯರು ಕೂಡ. ಅಕ್ಕ ಆ ಯಂತ್ರಕ್ಕಾಗಿ ಕಾದದ್ದು ವರ್ಷಗಟ್ಟಲೆ. ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ, ಪಾಠ, ಪರೀಕ್ಷೆ, ಎನ್ನೆಸ್ಸೆಸ್ ಶಿಬಿರಗಳ ಸಂದಿಯಲ್ಲಿ ಬೇರೆ ಊರಿನ ಲ್ಯಾಬುಗಳಲ್ಲಿ ಬೇಡಿ ಬೇಡಿ ಸಮಯ ಪಡೆದು ಅಷ್ಟಿಷ್ಟು ಪದರ ಮಾಡಿಕೊಂಡಿದ್ದರು. ಅವಧಿ ಮುಗಿಯುತ್ತ ಬಂದಿತ್ತು. ಯಂತ್ರ ಕೈಯಲ್ಲಿದ್ದರೆ ಪ್ರಬಂಧ ಮುಗಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟು ಸರಳ.

ಆಟಿಯಲ್ಲಿ ಹೊಸತು ಶುರು ಮಾಡುವುದು ಬೇಡವೆಂದು ಮುಂಡಪ್ಪಣ್ಣ ಹೇಳಿದರು. ನಮ್ಮ ವಿಭಾಗದ ಮುಖ್ಯಸ್ಥರೂ ಅಕ್ಕನ ಮಾರ್ಗದರ್ಶಕರೂ ಆದ ಶೋಧನ್ ಸರ್ ತಲೆಯಾಡಿಸಿದರು. ಅಕ್ಕನಿಗೂ ಬೇಸರವಾಗಲಿಲ್ಲ. ಕಂಪನಿಯ ಇಂಜಿನಿಯರು ಜೋಡಣೆಗೆಂದು ಬಂದಿದ್ದಾಗ, ಜೋಡಣೆಯ ಹೆಸರಿನಲ್ಲೇ ಒಂದು ಪದರ ಮಾಡಿ ನೋಡಿದರು. ಅಯಸ್ಕಾಂತದ ಸೆಳೆತವನ್ನು ಏರಿಸಿ ಇಳಿಸಿ ಅಳೆದಾಗ ಪರದೆಯ ಮೇಲೆ ಬಂದ ಗೆರೆಯ ಕುಣಿಕೆ ಎಷ್ಟು ತೆಳ್ಳಗಿತ್ತೆಂದರೆ ಹೋಗುವ ಗೆರೆ ಬರುವ ಗೆರೆ ಒಂದೇ ಎನ್ನಬೇಕು. ಮೃದು. ಅಕ್ಕ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದೇನೆ.

ಶೋಧನ್ ಸರ್ ಇಣುಕಿ, "ಒಳ್ಳೆ ಕೈಗುಣ ಉಂಟು ನಿಮ್ದು ಸುಪ್ರೀತಾ," ಎಂದರು. "ಆದ್ರೆ ಇದು ಲೆಕ್ಕಕ್ಕಿಲ್ಲ ಆಯ್ತಾ? ಉದ್ಘಾಟನೆ ಆಗ್ಲಿ."

"ಕೈಗುಣ ಅಲ್ಲ ಸರ್, ಒಳಗೆ ಗಾಳಿ ಇರಲಿಲ್ಲ," ಎಂದರು ಅಕ್ಕ ನಗುತ್ತಲೇ.

ಆಟಿ ಕಳೆದು ಸೋಣ ತಿಂಗಳು ಹುಟ್ಟಿತು. ಉದ್ಘಾಟನೆಗೆ ಗಣಹೋಮ ಎಂದು ನಿಗದಿಯಾಯಿತು. ಹೊಸ ಮನೆಯಿರಲಿ, ಹೊಸ ಅಂಗಡಿಯಿರಲಿ, ನಮ್ಮ ಕಡೆ ಗಣಹೋಮವಿಲ್ಲದೆ ಬಾಗಿಲು ತೆರೆಯುವುದಿಲ್ಲ. ಯಂತ್ರಕ್ಕೆ ಬೇಡ ಎನ್ನುವವರು ಯಾರು? ಅಕ್ಕನೂ ಬೇಡ ಎನ್ನಲಿಲ್ಲ. ಪಂಪಿನ ಹತ್ತಿರ ಹೋಮಕುಂಡ ಬೇಡ, ಹೊಗೆ ಆಗದ ಹಾಗೆ ವರಾಂಡದಲ್ಲಿ ಮಾಡುವ ಎಂದು ಮಾತ್ರ ಹೇಳಿದ್ದರು. ಸರಿ ಸರಿ ಎಂದಿದ್ದರು ಸರ್.

ಅಷ್ಟರಲ್ಲಿ ಚಾರ್ಮಾಡಿಯಲ್ಲಿದ್ದ ಅಕ್ಕನ ಸೋದರಮಾವ ತೀರಿಕೊಂಡರು. ಅವರದು ಅಳಿಯಸಂತಾನದ ಮನೆ, ಮಾವ ಸತ್ತರೆ ಅಕ್ಕನಿಗೂ ಸೂತಕ. ಹೋಮದ ಹಿಂದಿನ ದಿನ ಅಕ್ಕ ಎಂದಿನಂತೆ ಬಂದು ಯಂತ್ರವನ್ನೊಮ್ಮೆ ನಡೆಸಿ, ಎಲ್ಲ ಸರಿಯಿದೆಯೆಂದು ನೋಡಿ, ಪೆಟ್ಟಿಗೆ ಮುಚ್ಚಿ ಹೋದರು. ಹೋಮದ ದಿನ ಮಾತ್ರ ಕೋಣೆಯೊಳಗೆ ಬರಲಿಲ್ಲ. ಯಾರೂ ಬೇಡ ಎಂದಿರಲಿಲ್ಲ. ತಾವಾಗಿ ಅಂಗಳದಲ್ಲಿ, ಕಿಟಕಿಯ ಹೊರಗೆ ಕೊಡೆ ಹಿಡಿದು ನಿಂತರು. "ಅವರಿಗೆ ಮನಸ್ಸಿಗೆ ಕಿರಿಕಿರಿ ಯಾಕೆ," ಎಂದರು.

ಮಳೆ ಜೋರಿತ್ತು. ವರಾಂಡಕ್ಕೆ ಇರಚಲು ಹೊಡೆಯುತ್ತಿದೆಯೆಂದು ಹೋಮಕುಂಡ ಕೋಣೆಯೊಳಕ್ಕೇ ಬಂತು. ಕಿಟಕಿಗಳನ್ನೂ ಮುಚ್ಚಿದರು. ತೆಂಗಿನಕಾಯಿ, ಅರಳು, ಬೆಲ್ಲ, ಕಬ್ಬು, ಮೇಲಿಂದ ಮೇಲೆ ತುಪ್ಪ. ಸಣ್ಣ ಕೋಣೆಯಲ್ಲಿ ಹೊಗೆ ಚಾವಣಿಗೆ ತಾಗಿ ಕೆಳಗಿಳಿಯತೊಡಗಿತು. ಅಕ್ಕ ಕಿಟಕಿಯ ಗಾಜು ಬಡಿದು ನನ್ನನ್ನು ಹೊರಗೆ ಕರೆದರು. ಮುಖ ಬೆಳ್ಳಗಾಗಿತ್ತು.

"ಪೆಟ್ಟಿಗೆಯ ಬಾಗಿಲು ತೆರೆದು ಇಟ್ಟಿದ್ದಾರೆ. ಹೋಗಿ ಮುಚ್ಚು. ಓಡು."

ಓಡಿದೆ. ಬಾಗಿಲಿಗೆ ಕೈಹಾಕಿದ್ದೇ ತಡ, ಶೋಧನ್ ಸರ್ ನನ್ನ ಮೊಣಕೈ ಹಿಡಿದರು. "ಇರ್ಲಿ ಇರ್ಲಿ, ನಾನೇ ತೆಗ್ಸಿದ್ದು. ಹೋಮದ ಹೊಗೆ ಒಳಗೆ ಹೋಗ್ಬೇಕು, ಮತ್ತೆ ಹೋಮ ಯಾಕೆ ಮಾಡುದು?" ಮುಂಡಪ್ಪಣ್ಣ ಕಣ್ಣೊರೆಸಿಕೊಳ್ಳುತ್ತ ನಕ್ಕರು: "ಮಿಶನೂ ಸ್ವಲ್ಪ ಪ್ರಸಾದ ತಿನ್ಲಿ ಮಾರಾಯ್ತಿ."

ಕಿಟಕಿಯಾಚೆ ಅಕ್ಕ ಏನೋ ಹೇಳುತ್ತಿದ್ದರು. ಗಾಜು ಮುಚ್ಚಿತ್ತು, ಮಂತ್ರ ಜೋರಿತ್ತು. ತುಟಿ ಮಾತ್ರ ಕಾಣುತ್ತಿತ್ತು. ಹೊಸ್ತಿಲು ದಾಟಿ ಒಳಗೆ ಬಂದು ಬಾಗಿಲು ಮುಚ್ಚುವುದಕ್ಕೆ ಅವರಿಗೆ ಹತ್ತು ಹೆಜ್ಜೆ ಸಾಕಿತ್ತು. ಅವರು ದಾಟಲಿಲ್ಲ.

ಅದರ ನಂತರ ಮಾಡಿದ ಮೊದಲ ಪದರ ಹಾಲು ಬೆರೆಸಿದ ಹಾಗೆ ಮಂಕಾಗಿ ಬಂತು. ಉಗುರು ತಾಗಿದರೆ ಸಿಪ್ಪೆ ಏಳುತ್ತಿತ್ತು. ಪರದೆಯ ಮೇಲಿನ ಕುಣಿಕೆ ಬಾಳೆಕಾಯಿಯ ಹಾಗೆ ಉಬ್ಬಿತು. ಗಡುಸು. ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಗೇಜಿನ ಸಂಖ್ಯೆ ಒಂದು ಮಟ್ಟಕ್ಕೆ ಇಳಿದು, ಅಲ್ಲಿಂದ ಕೆಳಗೆ ಹೋಗಲಿಲ್ಲ. ಪಂಪು ಎಷ್ಟು ಹೀರಿದರೂ ಗೋಡೆಯಲ್ಲಿ ಕೂತ ಜಿಡ್ಡು ಅಷ್ಟೇ ಆವಿ ಬಿಡುತ್ತಿತ್ತು. ಅಕ್ಕ ಒಂದು ಶುಭ್ರವಾದ ಸ್ಲೈಡನ್ನು ಪೆಟ್ಟಿಗೆಯೊಳಗಿಟ್ಟು, ಗಾಳಿ ತೆಗೆದು, ಏನೂ ಮಾಡದೆ ಹೊರತೆಗೆದರು. ಅದರ ಮೇಲೆ ಹನಿ ಬಿಟ್ಟರು. ಹನಿ ಗುಂಡಗೆ ನಿಂತಿತು.

"ನೋಡು," ಎಂದರು. "ತುಪ್ಪ."

ಮುಂಡಪ್ಪಣ್ಣನಿಗೆ ಸುದ್ದಿ ಹೋಯಿತು. ಅವರು ವಿಭಾಗಕ್ಕೆ ಬಂದು ಶೋಧನ್ ಸರ್ ಮೇಜಿನ ಎದುರು ಕೂತು, ಅಕ್ಕನನ್ನು ಕರೆಸಿದರು. ನಾನು ಅಕ್ಕನ ಹಿಂದೆ ನಿಂತಿದ್ದೆ.

"ಟೀಚರ್, ನಾನು ಯಾರನ್ನೂ ದೂರುವ ಜನ ಅಲ್ಲ. ಒಂದು ಮಾತು ಕೇಳ್ತೇನೆ. ಹೋಮದ ಮೊದಲಿನ ದಿನ ನೀವು ಮಿಶನ್ ಮುಟ್ಟಿದ್ದು ಹೌದಾ?"

"ಹೌದು. ಮುಟ್ಟದೆ ನಡೆಸುದು ಹೇಗೆ?"

"ಸೂತಕದಲ್ಲಿ?"

ಶೋಧನ್ ಸರ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ಅಕ್ಕ ಅವರ ಕಡೆ ನೋಡಿದರು. ಬಾಗಿಲು ತೆರೆಸಿದ್ದು ಯಾರೆಂದು ಆ ಕೋಣೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವರು ಅವರು.

"ಸೂತಕ ನನಗೆ ಇದ್ದದ್ದು, ಪಂಪಿಗಲ್ಲ," ಎಂದರು ಅಕ್ಕ. ದನಿ ಆಗಲೇ ಇಳಿದಿತ್ತು. "ಒಳಗೆ ತುಪ್ಪದ ಹೊಗೆ ಕೂತುಂಟು. ಅದನ್ನು ತೆಗೆದ್ರೆ ಸರಿಯಾಗ್ತದೆ."

"ತುಪ್ಪ!" ಮುಂಡಪ್ಪಣ್ಣ ಬೆರಗಾದರು. "ದೇವರಿಗೆ ಹಾಕುವ ತುಪ್ಪದಿಂದ ಹಾಳಾಗ್ತದಾ? ಎಂತ ಮಾತು ಮಾರಾಯ್ರೆ ಇದು. ಶೋಧನ್, ನಿಮ್ಮ ಶಾಸ್ತ್ರದಲ್ಲಿ ಹಾಗೆ ಉಂಟಾ?"

ಸರ್ ಗಂಟಲು ಸರಿಪಡಿಸಿಕೊಂಡರು. "ಹೀಗೇ ಅಂತ ಹೇಳ್ಲಿಕ್ಕೆ ಆಗುದಿಲ್ಲ. ತುಂಬ ಕಾರಣ ಇರ್ತದೆ. ಸದ್ಯಕ್ಕೆ ಭವಿತ್ ನಡೆಸ್ಲಿ. ಕೀ ಅವನ ಹತ್ರ ಇರ್ಲಿ. ಸುಪ್ರೀತಾ, ನೀವು ಬೇಜಾರು ಮಾಡ್ಬೇಡಿ, ಸ್ವಲ್ಪ ದಿನ ಅಷ್ಟೆ."

ಅಕ್ಕ ಚೂಡಿದಾರದ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟರು. ಇಟ್ಟ ಸದ್ದೂ ಆಗಲಿಲ್ಲ.

ಭವಿತ್ ಸರ್ ಆ ವರ್ಷವೇ ಸೇರಿದ ಉಪನ್ಯಾಸಕರು, ಸಜ್ಜನರು, ಹೆದರಿಕೆ ಜಾಸ್ತಿ. ಅವರು ನಡೆಸಿದರು. ಪದರ ಮೊದಲಿನಷ್ಟೇ ಮಂಕು, ಅಷ್ಟೇ ಗಡುಸು. ಕೈ ಬದಲಾಗಿಯೂ ಫಲ ಬದಲಾಗಲಿಲ್ಲ. ಇನ್ನಾದರೂ ಸೂತಕದ ಮಾತು ನಿಲ್ಲುತ್ತದೆಂದುಕೊಂಡೆ. ಆದರೆ ಮರುದಿನ ಸ್ಟಾಫ್ ರೂಮಿನಲ್ಲಿ ಬೇರೆಯೇ ತೀರ್ಮಾನ ಕಾದಿತ್ತು. ಅಕ್ಕ ಮುಟ್ಟಿದಾಗಲೇ ದೋಷ ಯಂತ್ರಕ್ಕೆ ತಗಲಿದೆ, ಇನ್ನು ಯಾರು ನಡೆಸಿದರೂ ಹಾಗೆಯೇ. ಶುಕ್ರವಾರ ಶುದ್ಧಿಹೋಮ ಮಾಡಿಸುವುದು. ಕಾಲೇಜಿಗೆ ಅನುದಾನ ಕೊಡುವವರ ತಂಡ ನೋಡಲು ಬರುವುದರೊಳಗೆ ಎಲ್ಲ ಸರಿಯಾಗಬೇಕು.

ಅಕ್ಕ ಅಂದು ಬೆಳಗಿನ ತರಗತಿ ಮುಗಿಸಿ ಬಂದು, ಕೈತೊಳೆಯುವ ತೊಟ್ಟಿಯ ಎದುರು ನಿಂತರು. "ಚಂದದ ಪ್ರಯೋಗ," ಎಂದರು. ನಾನು ಬಗ್ಗಿ ಕೇಳಿಸಿಕೊಳ್ಳಬೇಕಾಯಿತು. "ಪದರ ಕೆಟ್ಟರೂ ತಪ್ಪು ನನ್ನದು. ಬೇರೆಯವರ ಕೈಯಲ್ಲಿ ಕೆಟ್ಟರೂ ನನ್ನದು. ಶುದ್ಧಿ ಆದ ಮೇಲೆ ಎಂದಾದರೂ ಸರಿಯಾದ್ರೆ, ಆಗ್ಲೂ ನನ್ನದೇ. ಮೈಲಿಗೆ ಹೋಯ್ತು ಅಂತ."

ಆ ಭಾನುವಾರ ವಾಮದಪದವಿನ ಅವರ ಮನೆಗೆ ನನ್ನನ್ನು ಕರೆದರು. ಹೋಟೆಲು ಮುಂದೆ, ಮನೆ ಹಿಂದೆ. ಅಕ್ಕನ ಅಮ್ಮ ಸರಸಕ್ಕ ಗೋಳಿಬಜೆಯ ಹಿಟ್ಟು ಕಲಸುತ್ತಿದ್ದರು. ಅಮ್ಮ ಮಗಳ ಮಾತೆಲ್ಲ ತುಳುವಿನಲ್ಲಿ.

"ನನ್ನ ತಮ್ಮ ಸತ್ತು ನಿಮ್ಮ ಮಿಶನಿನೊಳಗೆ ಹೋಗಿ ಕೂತನಂತಾ?" ಎಂದು ಸರಸಕ್ಕ ಕೇಳಿದರು. "ಬದುಕಿದ್ದಾಗ ಬಲ್ಬು ಹಾಕ್ಲಿಕ್ಕೂ ಹೆದರ್ತಿದ್ದ ಪಾಪ. ಕರೆಂಟ್ ಹೊಡಿತದೆ ಅಂತ ನನ್ನನ್ನು ಕರೆಯುವುದು."

ನನಗೆ ನಗು ಬಂತು. ಅಕ್ಕ ನಗಲಿಲ್ಲ. "ಅವತ್ತು ನಾನು ಒಳಗೆ ನುಗ್ಗಿ ಬಾಗಿಲು ಮುಚ್ಚಬೇಕಿತ್ತು ಅಮ್ಮ. ಅವರ ಮನಸ್ಸಿಗೆ ಬೇಡ ಅಂತ ಹೊರಗೆ ನಿಂತೆ. ಈಗ ಅವರೇ ನಾನು ಮೈಲಿಗೆ ಮಾಡಿದೆ ಅಂತಾರೆ."

"ಹೋಮ ಮಾಡಿದ್ದು ತಪ್ಪಾ?"

"ಹೋಮ ತಪ್ಪಲ್ಲ. ಬಾಗಿಲು ತೆರೆದು ಇಟ್ಟದ್ದು ತಪ್ಪು. ತಪ್ಪು ಮಾಡಿದವರು ಒಮ್ಮೆ ಹೌದು ಅಂದಿದ್ರೆ ನಾನು ಮಾತಾಡ್ತಿರಲಿಲ್ಲ."

ಒಲೆಯ ಹಿಂದಿನ ಗೋಡೆಯಲ್ಲಿ ಎಷ್ಟೋ ವರ್ಷದ ಜಿಡ್ಡು ಕಂದಾಗಿ, ಅಂಟಾಗಿ ಕೂತಿತ್ತು. ಹಬ್ಬದ ಮೊದಲು ಅದನ್ನು ಕೆರೆಯುವುದು ಚಿಕ್ಕಂದಿನಲ್ಲಿ ಅಕ್ಕನ ಕೆಲಸವಾಗಿತ್ತಂತೆ. ಒರೆಸಿದರೆ ಹೋಗುವುದಿಲ್ಲ, ಹರಡುತ್ತದೆ. ಮೊದಲು ಕೆರೆಯಬೇಕು, ಆಮೇಲೆ ತೊಳೆಯಬೇಕು, ಕೊನೆಗೆ ಬಿಸಿ ತಾಗಿಸಿ ಒಣಗಿಸಬೇಕು. ಅಕ್ಕ ಆ ಗೋಡೆಯನ್ನು ನೋಡುತ್ತ ನಿಂತವರು ನನ್ನ ಕಡೆ ತಿರುಗಿ, "ಗುರುವಾರ ಶೋಧನ್ ಸರ್‌ಗೆ ಮಂಗಳೂರಲ್ಲಿ ಮೀಟಿಂಗ್ ಉಂಟಲ್ಲ?" ಎಂದರು.

ಗುರುವಾರ ಬೆಳಿಗ್ಗೆಯೇ ಅಕ್ಕ ಭವಿತ್ ಸರ್ ಮುಂದೆ ಹೋಗಿ ನಿಂತರು.

"ಅಕ್ಕ, ಸರ್ ಬೈತಾರೆ," ಎಂದರು ಭವಿತ್ ಸರ್, ಅಕ್ಕ ಬಾಯಿ ತೆರೆಯುವ ಮೊದಲೇ.

"ಕೀ ನಿಮ್ಮ ಹತ್ರವೇ ಇರ್ಲಿ. ನೀವೇ ಬಾಗಿಲು ತೆಗೀರಿ. ನೀವೇ ನೋಡ್ತಾ ನಿಲ್ಲಿ. ಕೆಲಸ ನಾನು ಮಾಡ್ತೇನೆ."

"ನಾನೇ ಕ್ಲೀನ್ ಮಾಡಿ ನಡೆಸಿದ್ರೆ ಆಗುದಿಲ್ವಾ? ಆಗ ನಿಮ್ಮ ಮೇಲೆ ಬರುದಿಲ್ಲ."

"ಆಗುದಿಲ್ಲ. ನೀವು ನಡೆಸಿ ಸರಿಯಾದ್ರೆ ಕೈ ಬದಲಾಯ್ತು, ಅದಕ್ಕೇ ಸರಿಯಾಯ್ತು ಅಂತಾರೆ. ಕೈ ಅದೇ ಇರ್ಬೇಕು, ದೋಷ ಉಂಟು ಅಂತ ಹೇಳಿದ ಕೈಯೇ. ಬದಲಾಗ್ಬೇಕಾದ್ದು ಕೊಳೆ ಮಾತ್ರ. ಮತ್ತೆ ಶುದ್ಧಿಯ ಮೊದಲು ಆಗ್ಬೇಕು. ಇವತ್ತೇ."

ಭವಿತ್ ಸರ್ ಕೀಯನ್ನು ಬೆರಳಿನಲ್ಲಿ ತಿರುಗಿಸಿದರು. "ಬಿಲ್ಲೆ ಸವೆದು ಬಂದಿದೆ ಅಕ್ಕ. ಇನ್ನು ಕೆಲವು ಸಲಕ್ಕೆ ಮಾತ್ರ ಸಾಕು."

ಅದು ಅಕ್ಕನಿಗೂ ಗೊತ್ತಿತ್ತು. ಬಿಲ್ಲೆಯ ಹಿಂದೆ ಅಯಸ್ಕಾಂತ ಇರುತ್ತದೆ. ಕಬ್ಬಿಣ ಬೆರೆತ ಬಿಲ್ಲೆ ದಪ್ಪವಿದ್ದರೆ ಆ ಸೆಳೆತ ಮುಂದಕ್ಕೆ ಬರುವುದಿಲ್ಲ. ಅದಕ್ಕೇ ತೆಳ್ಳಗಿನದನ್ನೇ ಹಾಕುತ್ತಾರೆ, ಅದು ಬೇಗ ಸವೆಯುತ್ತದೆ. ಉಳಿದದ್ದು ಅವರ ಪ್ರಬಂಧಕ್ಕೆಂದು ಎತ್ತಿಟ್ಟದ್ದು. "ಯಂತ್ರವೇ ಇಲ್ಲದಿದ್ರೆ ಬಿಲ್ಲೆ ಇಟ್ಟು ಎಂತ ಮಾಡ್ಲಿ?" ಎಂದರು. ಭವಿತ್ ಸರ್ ಬಾಗಿಲು ತೆಗೆದರು.

ಅಂದು ಅಕ್ಕ ಕೆಲಸ ಮಾಡಿದ ರೀತಿಯನ್ನು ನೋಡಿದರೆ ಸಿಟ್ಟಿಗೂ ಒಂದು ಶಿಸ್ತು ಇರುತ್ತದೆ ಎನಿಸುತ್ತದೆ. ಒಳಗಿನ ತಗಡುಗಳನ್ನೆಲ್ಲ ಬಿಚ್ಚಿದರು. ಮರಳುಕಾಗದದಲ್ಲಿ ಉಜ್ಜಿದರು. ಜಿಡ್ಡು ಕರಗಿಸುವ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ ಗೋಡೆಯನ್ನು ಒಂದೇ ದಿಕ್ಕಿಗೆ ಒರೆಸಿದರು, ಪ್ರತಿ ಸಲಕ್ಕೂ ಬಟ್ಟೆಯ ಹೊಸ ಮೈ. ಮೊದಲ ಬಟ್ಟೆ ಕಂದಾಗಿ ಬಂತು. ಅದನ್ನು ಮಾತ್ರ ಎಸೆಯದೆ, ಆರಲು ಬಿಟ್ಟು, ಒಂದು ಸೀಸೆಯೊಳಗೆ ಹಾಕಿ ಮುಚ್ಚಳ ಬಿಗಿದರು. ಮತ್ತಿನ ಬಟ್ಟೆಗಳ ಬಣ್ಣ ಚಹಾದ್ದಾಯಿತು, ಗಂಜಿಯದ್ದಾಯಿತು, ಕೊನೆಯದು ಬಿಳಿಯೇ ಉಳಿಯಿತು. ಪೆಟ್ಟಿಗೆಗೆ ಹೊರಗಿನಿಂದ ಬಲ್ಬುಗಳ ಶಾಖ ಕೊಟ್ಟು ಪಂಪು ಹಾಕಿದರು. ಗೇಜಿನ ಸಂಖ್ಯೆ ಹಿಂದೆ ನಿಂತಿದ್ದ ಜಾಗದಲ್ಲಿ ತುಸು ತಡೆದು, ಆಮೇಲೆ ಹೊಸ್ತಿಲು ದಾಟಿದ ಹಾಗೆ ಕೆಳಗಿಳಿಯಿತು.

ಉಳಿದದ್ದೆಲ್ಲ ಹಿಂದಿನಂತೆಯೇ. ಅದೇ ಬಿಲ್ಲೆ, ಅಷ್ಟೇ ಆರ್ಗಾನ್, ಅಷ್ಟೇ ವಿದ್ಯುತ್, ಅದೇ ಕೈ. ಸಂಜೆಯ ಬಸ್ಸಿಗೆ ಮೊದಲು ಪದರ ಹೊರಬಂತು. ಅದರಲ್ಲಿ ಕಿಟಕಿ ಕಂಡಿತು, ಕಿಟಕಿಯಾಚೆಯ ಹಲಸಿನ ಮರ ಕಂಡಿತು. ಕುಣಿಕೆ ತೆಳ್ಳಗೆ ಬಂತು.

ಈ ಸಲ ಅಕ್ಕ ಮುಖ ಮುಚ್ಚಿಕೊಳ್ಳಲಿಲ್ಲ. "ನಾಳೆ ಬೇಗ ಬಾ," ಎಂದು ನನಗೆ ಹೇಳಿ ಚೀಲ ಎತ್ತಿಕೊಂಡರು.

ಶುಕ್ರವಾರ ಮಳೆ ಹೊಳವಾಗಿತ್ತು. ಆದರೂ ಹೋಮಕುಂಡ ಕೋಣೆಯೊಳಗೇ ಇತ್ತು. ದೋಷ ಇರುವುದು ಇಲ್ಲಿ, ಮತ್ತೆ ಹೊರಗೆ ಮಾಡುವುದೇಕೆ ಎಂದು. ಭಟ್ಟರು ದರ್ಭೆ ಬಿಡಿಸುತ್ತಿದ್ದರು. ಮುಂಡಪ್ಪಣ್ಣ ಬಿಳಿ ಪಂಚೆಯಲ್ಲಿ ಬಂದು ಕೂತಿದ್ದರು. ಅಕ್ಕ ಒಳಗೆ ಬಂದರು. ಮಾವನ ಉತ್ತರಕ್ರಿಯೆ ಕಳೆದಿತ್ತು. ಬರಬಾರದೆಂದು ಯಾರೂ ಹೇಳುವಂತಿರಲಿಲ್ಲ. ಕೈಯಲ್ಲಿ ಎರಡು ಸ್ಲೈಡು, ಒಂದು ಸೀಸೆ, ನೀರಿನ ಪಿಪೆಟ್ಟು.

"ಸರ್, ಯಂತ್ರ ಸರಿಯಾಗಿದೆ. ನಿನ್ನೆ ನಾನೇ ತೊಳೆದು ನಡೆಸಿದ್ದು. ಎಲ್ಲರಿಗೂ ತೋರಿಸ್ತೇನೆ."

ಶೋಧನ್ ಸರ್ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ. ಆಮೇಲೆ ಅದು ಬೇರೆಯಾಯಿತು. ಭವಿತ್ ಸರ್ ಕಡೆ ಒಮ್ಮೆ ನೋಡಿದರು. ಭವಿತ್ ಸರ್ ಚಾವಣಿ ನೋಡುತ್ತಿದ್ದರು.

"ಒಳ್ಳೆಯದಾಯ್ತು. ಹೋಮ ಮುಗೀಲಿ, ಆಮೇಲೆ ತೋರಿಸುವ."

"ಇಲ್ಲ ಸರ್. ಮೊದಲು."

"ಎರಡೂ ಒಂದೇ ಅಲ್ವಾ ಸುಪ್ರೀತಾ. ಅರ್ಧ ಗಂಟೆ ಹೆಚ್ಚು ಕಮ್ಮಿ. ಭಟ್ರು ಕಾಯ್ತಾ ಇದ್ದಾರೆ."

"ಒಂದೇ ಅಲ್ಲ." ಕೋಣೆಯೇ ಬಗ್ಗಿ ಕೇಳುವ ಹಾಗೆ ದನಿ ಇಳಿದಿತ್ತು. "ಆಮೇಲೆ ತೋರಿಸಿದ್ರೆ ಹೋಮದಿಂದ ಸರಿಯಾಯ್ತು ಅಂತ ಆಗ್ತದೆ. ಹೋಮದಿಂದ ಸರಿಯಾದ್ರೆ ನನ್ನಿಂದ ಹಾಳಾಯ್ತು ಅಂತಲೂ ಆಗ್ತದೆ. ನನಗೆ ಅದು ಬೇಡ. ಬೆಂಕಿ ಹಾಕುವ ಮೊದಲು ನೋಡಿ."

"ನೋಡಿ, ಜನ ಇದ್ದಾರೆ..."

"ಸೂತಕದ ಮಾತಾಡಿದ್ದೂ ಜನರ ಎದುರೇ."

ಭಟ್ಟರು ದರ್ಭೆಯಿಂದ ತಲೆಯೆತ್ತಿದರು. "ತೋರಿಸ್ಲಿ ಮಾರಾಯ್ರೆ. ನಾನಿನ್ನೂ ಕಡ್ಡಿಪೆಟ್ಟಿಗೆ ಹುಡುಕ್ತಾ ಇದ್ದೇನೆ."

ಅಕ್ಕ ಮೇಜಿನ ಮೇಲೆ ಎರಡು ಸ್ಲೈಡು ಇಟ್ಟರು. ಒಂದು ತೊಳೆಯುವ ಮೊದಲು ಪೆಟ್ಟಿಗೆಯೊಳಗೆ ಬರಿದೇ ಇಟ್ಟು ತೆಗೆದದ್ದು, ಇನ್ನೊಂದು ತೊಳೆದ ಮೇಲೆ ಹಾಗೆಯೇ ಇಟ್ಟು ತೆಗೆದದ್ದು. ಎರಡರ ಮೇಲೂ ಒಂದೊಂದು ಹನಿ. ಮೊದಲನೆಯದರಲ್ಲಿ ಹನಿ ಮುತ್ತಿನ ಹಾಗೆ ನಿಂತಿತು, ಎರಡನೆಯದರಲ್ಲಿ ಹರಡಿ ಕಾಣದಾಯಿತು. ಪರದೆಯ ಮೇಲೆ ಎರಡು ಕುಣಿಕೆಗಳನ್ನು ತೋರಿಸಿದರು, ಉಬ್ಬಿದ್ದು ಮತ್ತು ತೆಳ್ಳಗಿನದು. ಮುಂಡಪ್ಪಣ್ಣನಿಗೆ ಕುಣಿಕೆ ಅರ್ಥವಾಗಲಿಲ್ಲ. ಹನಿಯನ್ನು ಮಾತ್ರ ಕನ್ನಡಕ ಏರಿಸಿ ನೋಡಿದರು.

"ಇದ್ರಲ್ಲಿ ಎಂತ ಉಂಟು ಟೀಚರ್, ನೀರಲ್ವಾ?"

ಅಕ್ಕ ಸೀಸೆಯ ಮುಚ್ಚಳ ತಿರುಗಿಸಿ ಅವರ ಕೈಗೆ ಕೊಟ್ಟರು. "ಅಸಿಟೋನ್ ಆರಿ ಹೋಗಿದೆ. ಈಗ ಮೂಸಿ. ಪೆಟ್ಟಿಗೆಯ ಒಳಗಿನ ಗೋಡೆ ಒರೆಸಿದ ಬಟ್ಟೆ ಇದು."

ಮುಂಡಪ್ಪಣ್ಣ ಮೂಸಿದರು. ಇನ್ನೊಮ್ಮೆ ಮೂಸಿದರು. ಬೆರಳು ಒಳಗಿಳಿಸಿ ಬಟ್ಟೆಯನ್ನು ಮುಟ್ಟಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು. ಜೀವಮಾನವಿಡೀ ಅಡುಗೆಮನೆಗಳನ್ನು ನಡೆಸಿದ ಮನುಷ್ಯ.

"ಚಿಮಣಿ," ಎಂದರು ತಮ್ಮಷ್ಟಕ್ಕೆ. "ನಮ್ಮ ಹೋಟೆಲಿನ ಚಿಮಣಿ ತೊಳೆಯುವಾಗ ಇದೇ ಬರುದು."

"ನಮ್ಮ ಹೋಟೆಲಿನದ್ದೂ," ಎಂದರು ಅಕ್ಕ. "ಚಿಮಣಿ ಕಟ್ಟಿದ್ರೆ ನೀವು ಒಲೆ ನೋಡುವ ಭಟ್ಟಿಯವನ ಸೂತಕ ಕೇಳ್ತೀರಾ?"

ಯಾರೋ ಹಿಂದೆ ನಕ್ಕು ಕೂಡಲೇ ನಿಲ್ಲಿಸಿದರು. ಮುಂಡಪ್ಪಣ್ಣನ ಮುಖ ಕೆಂಪಾಯಿತು. ಬೈಯುತ್ತಾರೆಂದು ನಾನು ಕಾದೆ. ಅವರು ಸೀಸೆಯ ಮುಚ್ಚಳ ಹಾಕಿ, ಶೋಧನ್ ಸರ್ ಕಡೆ ತಿರುಗಿ, "ಬಾಗಿಲು ತೆಗೆದಿಡ್ಲಿಕ್ಕೆ ಹೇಳಿದ್ದು ಯಾರು ಮತ್ತೆ?" ಎಂದು ಕೇಳಿದರು.

ಶೋಧನ್ ಸರ್ ಭಟ್ಟರ ಕಡ್ಡಿಪೆಟ್ಟಿಗೆ ಸಿಕ್ಕಿತೇ ಎಂದು ವಿಚಾರಿಸಿದರು.

ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಮುಂಡಪ್ಪಣ್ಣನೂ ಹೇಳಲಿಲ್ಲ. "ಬಂದಾಗಿದೆ, ಹೋಮ ಆಗಿ ಹೋಗ್ಲಿ. ಬಾಗಿಲು ಮುಚ್ಚಿ ಮಾಡುವ," ಎಂದಷ್ಟೇ ಹೇಳಿ ಮಣೆಯ ಮೇಲೆ ಕೂತರು. ಯಾವ ದೋಷಕ್ಕೆ ಈ ಶುದ್ಧಿಯೆಂದು ಕೇಳಬೇಕೆನಿಸಿತು ನನಗೆ. ಅಕ್ಕ ಕೇಳಲಿಲ್ಲ. ಅವರು ಹೋಗಿ ಪೆಟ್ಟಿಗೆಯ ಬಾಗಿಲನ್ನು ಎಳೆದು, ಹಿಡಿಯನ್ನು ಬಿಗಿದು, ಅದಕ್ಕೆ ಬೆನ್ನು ಕೊಟ್ಟು ನಿಂತರು.

ಅಗ್ನಿ ಹೊತ್ತಿತು. ತುಪ್ಪ ಬಿತ್ತು. ಹೊಗೆ ಎದ್ದು ಚಾವಣಿಗೆ ತಾಗಿ ಕೆಳಗಿಳಿಯಿತು. ಎಲ್ಲರೂ ಕೆಮ್ಮಿ, ಕಣ್ಣುಜ್ಜಿ, ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿದರು. ಅಕ್ಕ ಸರಿಯಲಿಲ್ಲ. ಕಣ್ಣಿನಿಂದ ನೀರಿಳಿಯುತ್ತಿತ್ತು. ಅದು ಹೊಗೆಯದ್ದು. ಒರೆಸಿಕೊಳ್ಳಲಿಲ್ಲ.

ಫೋಟೋದವನು ಕ್ಯಾಮೆರಾ ಎತ್ತಿದಾಗ ಶೋಧನ್ ಸರ್ ಮೆಲ್ಲಗೆ ಹೇಳಿದರು: "ಸುಪ್ರೀತಾ, ಒಂಚೂರು ಆಚೆ ನಿಲ್ಲಿ. ಮಿಶನ್ ಕಾಣ್ಬೇಕು."

"ನಾನೇ ಕಾಣ್ಲಿ ಸರ್."

ಭಟ್ಟರು ಪೂರ್ಣಾಹುತಿ ಹಾಕಿದರು. ಪ್ರಸಾದ ಹಂಚುವಾಗ ಅಕ್ಕ ಕೈಯೊಡ್ಡಿ ತೆಗೆದುಕೊಂಡರು. ಭವಿತ್ ಸರ್ ಹತ್ತಿರ ಬಂದು, "ನನ್ನ ಹತ್ರ ಇದ್ರೆ ನಿದ್ರೆ ಬರುದಿಲ್ಲ ಅಕ್ಕ," ಎಂದು ಅದೇ ಕೈಗೆ, ಪಂಚಕಜ್ಜಾಯದ ಪಕ್ಕದಲ್ಲಿ, ಕೀ ಇಟ್ಟರು. ಬೇಡವೆನ್ನಲು ಶೋಧನ್ ಸರ್ ಅಲ್ಲಿರಲಿಲ್ಲ, ಮುಂಡಪ್ಪಣ್ಣನನ್ನು ಕಾರಿನವರೆಗೆ ಬಿಡಲು ಹೋಗಿದ್ದರು. ಆಮೇಲೂ ಅವರು ಆ ಮಾತೆತ್ತಲಿಲ್ಲ. ಅಕ್ಕ ಪಂಚಕಜ್ಜಾಯವನ್ನು ಹೊರಗೆ ಹೋಗಿ ತಿಂದರು. ನಲ್ಲಿಯಲ್ಲಿ ಕೈ ತೊಳೆದರು, ಸೋಪು ಹಾಕಿ ಇನ್ನೊಮ್ಮೆ ತೊಳೆದರು. ಆಮೇಲೆ ಒಳಗೆ ಬಂದು ಪಂಪು ಹಾಕಿದರು.

ಈಗ ಕೋಣೆ ಅವರ ಕೈಯಲ್ಲೇ ಇದೆ. ಸವೆದ ಬಿಲ್ಲೆಯಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡುತ್ತಿದ್ದಾರೆ. ಸಿಟ್ಟು ಹೋಗಿಲ್ಲ, ಶೋಧನ್ ಸರ್ ಹತ್ತಿರ ಮಾತಾಡುವಾಗ ಸರ್ ಈಗಲೂ ಸ್ವಲ್ಪ ಬಗ್ಗಿ ನಿಲ್ಲುತ್ತಾರೆ.

ಮೊನ್ನೆ ಕಾಲೇಜಿನ ವಾರ್ಷಿಕ ಸಂಚಿಕೆಗೆಂದು ಸರ್ ನನ್ನನ್ನು ಕರೆದು, ಶುದ್ಧಿಹೋಮದ ದಿನದ್ದರಲ್ಲಿ ಯಂತ್ರ ಮಾತ್ರ ಇರುವ ಒಂದು ಫೋಟೋ ಹುಡುಕಿ ಕೊಡಲು ಹೇಳಿದರು. ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡಿದೆ. ಹೊಗೆ ಇದೆ, ಬೆಂಕಿ ಇದೆ, ಮುಂಡಪ್ಪಣ್ಣನ ಒದ್ದೆ ಕಣ್ಣು ಇದೆ. ನಡುವೆ, ಎಲ್ಲದರಲ್ಲೂ, ಎದೆಯ ಮೇಲೆ ಕೈಕಟ್ಟಿ ನಿಂತ ಅಕ್ಕ ಇದ್ದಾರೆ. ಸರ್ ಕೇಳಿದ ಫೋಟೋ ಇಲ್ಲ.